ಲ್ಯಾಪ್‌ಟಾಪ್‌ನ ನಿಸ್ತಂತು ಜಾಲ ಕಾರ್ಡ್: ಅಳವಡಿಕೆ ಮತ್ತು ಹೊಂದಿಕೆ

ಲ್ಯಾಪ್‌ಟಾಪನ್ನು ತಂತಿಯ ಹಂಗಿಲ್ಲದೆ ಕಂಪ್ಯೂಟರ್ ಜಾಲಕ್ಕೆ ಸೇರಿಸುವ ಪುಟ್ಟ ರೇಡಿಯೋ ಸಾಧನಕ್ಕೆ ನಿಸ್ತಂತು ಜಾಲ ಕಾರ್ಡ್ ಎಂದು ಹೆಸರು. ತರಂಗ ಕಳಿಸುವ ಭಾಗ, ಹಿಡಿಯುವ ಭಾಗ, ಇವೆರಡನ್ನೂ ಕಂಪ್ಯೂಟರಿಗೆ ಜೋಡಿಸುವ ಚಿಪ್ಪು, ಎಲ್ಲವೂ ಅಂಗೈಗಿಂತ ಚಿಕ್ಕದಾದ ಒಂದು ಹಲಗೆಯ ಮೇಲಿರುತ್ತವೆ. ಇಂದು ಲ್ಯಾಪ್‌ಟಾಪ್ ಕೊಳ್ಳುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ; ಯಂತ್ರದ ಹೊಟ್ಟೆಯೊಳಗೆ ಎಲ್ಲೋ ಕೂತಿರುತ್ತದೆ. 1990ರ ದಶಕದಿಂದ ಸುಮಾರು 2003ರವರೆಗೆ ಹಾಗಿರಲಿಲ್ಲ. ಕಾರ್ಡನ್ನು ಬೇರೆಯಾಗಿ ಕೊಂಡು, ಲ್ಯಾಪ್‌ಟಾಪಿನ ಪಕ್ಕದ ಸ್ಲಾಟಿಗೆ ತೂರಿಸಿ, ಡ್ರೈವರ್ ಹಾಕಿ, ಜಾಲದ ಹೆಸರನ್ನೂ ಕೀಲಿಯನ್ನೂ ಕೈಯಾರೆ ತುಂಬಬೇಕಿತ್ತು. ಈ ಲೇಖನ ಮುಖ್ಯವಾಗಿ ವೇವ್‌ಲ್ಯಾನ್ ಎಂದು ಹುಟ್ಟಿ ಒರಿನೊಕೊ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಕಾರ್ಡನ್ನು ಹಿಡಿದು ಸಾಗುತ್ತದೆ. ಇಂದಿನ ವೈ-ಫೈ ಬೆಳೆದು ಬಂದ ಹಾದಿಯ ಬಹುಭಾಗ ಈ ಕಾರ್ಡಿನ ಚರಿತ್ರೆಯಲ್ಲಿದೆ. ಜೊತೆಗೆ, ಈಗ ಯಂತ್ರವೇ ಮುಚ್ಚಿಟ್ಟು ತೀರ್ಮಾನಿಸುವ ಪ್ರತಿಯೊಂದು ಸಂಗತಿಯೂ ಇದರಲ್ಲಿ ಬಿಚ್ಚಿ ಕಾಣುತ್ತದೆ.

ಕಾರ್ಡ್ ಕೆಲಸ ಮಾಡಬೇಕಾದರೆ ಒಂದರ ಮೇಲೊಂದು ನಿಂತ ಐದು ಹಂತಗಳು ಸರಿಯಿರಬೇಕು. ಸ್ಲಾಟಿಗೆ ಕಾರ್ಡಿನ ಗುರುತು ಸಿಗಬೇಕು. ಆಪರೇಟಿಂಗ್ ಸಿಸ್ಟಮ್‌ಗೆ ಅದರ ಡ್ರೈವರ್ ಸಿಗಬೇಕು. ರೇಡಿಯೋ ಸರಿಯಾದ ಚಾನೆಲ್‌ನಲ್ಲಿ ಆಲಿಸಬೇಕು. ಜಾಲದ ಹೆಸರು, ಕೀಲಿ ಹೊಂದಬೇಕು. ಕೊನೆಗೆ ಲ್ಯಾಪ್‌ಟಾಪಿಗೊಂದು ಐಪಿ ವಿಳಾಸ ದೊರೆಯಬೇಕು. ಇವುಗಳಲ್ಲಿ ಯಾವುದು ಕೈಕೊಟ್ಟರೂ ಬಳಸುವವರಿಗೆ ಕಾಣುವುದು ಒಂದೇ: ನೆಟ್ ಬರುತ್ತಿಲ್ಲ. ಕೆಳಗಿನ ಹಂತದಿಂದ ಒಂದೊಂದನ್ನೇ ನೋಡುತ್ತ ಮೇಲೆ ಬಂದರೆ ದೋಷ ಎಲ್ಲಿದೆಯೆಂಬುದು ಬೇಗ ತಿಳಿಯುತ್ತದೆ. ಮೇಲಿನಿಂದ ಶುರು ಮಾಡಿದವರು ಪಾಸ್‌ವರ್ಡ್ ಬದಲಿಸುವುದರಲ್ಲೇ ದಿನ ಕಳೆಯುತ್ತಾರೆ. ಕಾರ್ಡಿನ ರೂಪ, ವೇಗ, ಹೆಸರು ಎಷ್ಟು ಬದಲಾದರೂ ಈ ಐದು ಹಂತಗಳು ಮಾತ್ರ ಹಾಗೆಯೇ ಉಳಿದಿವೆ.

ಹಿನ್ನೆಲೆ

1985ರಲ್ಲಿ ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ, ಕೈಗಾರಿಕೆ ಮತ್ತು ವೈದ್ಯಕೀಯ ಉಪಕರಣಗಳಿಗೆ ಮೀಸಲಾಗಿದ್ದ ಮೂರು ತರಂಗಪಟ್ಟಿಗಳಲ್ಲಿ ಲೈಸೆನ್ಸ್ ಇಲ್ಲದೆ ರೇಡಿಯೋ ಸಂಪರ್ಕ ನಡೆಸಲು ಅನುಮತಿ ಕೊಟ್ಟಿತು: 902ರಿಂದ 928 ಮೆಗಾಹರ್ಟ್ಸ್, 2.4 ಗಿಗಾಹರ್ಟ್ಸ್ ಆಸುಪಾಸು, 5.8 ಗಿಗಾಹರ್ಟ್ಸ್ ಆಸುಪಾಸು. ಮೈಕ್ರೋವೇವ್ ಒಲೆಯ ಗದ್ದಲ ತುಂಬಿದ ಈ ಪಟ್ಟಿಗಳು ಆಗ ಯಾರಿಗೂ ಬೇಡವಾಗಿದ್ದವು. ಸಿಗ್ನಲನ್ನು ಒಂದೇ ಆವರ್ತನದಲ್ಲಿ ಕಳಿಸದೆ ಅಗಲವಾಗಿ ಹರಡಿ ಕಳಿಸಬೇಕು, ಶಕ್ತಿ ಮಿತಿಯಲ್ಲಿರಬೇಕು ಎಂಬುದು ಷರತ್ತು. ಹಾಗೆ ಹರಡಿದ ಸಿಗ್ನಲ್ ಗದ್ದಲದ ನಡುವೆಯೂ ಉಳಿದುಕೊಳ್ಳುತ್ತದೆ, ಪಕ್ಕದವರಿಗೂ ಹೆಚ್ಚು ತೊಂದರೆ ಕೊಡುವುದಿಲ್ಲ.

ಈ ಅವಕಾಶವನ್ನು ಮೊದಲು ಹಿಡಿದವರಲ್ಲಿ ಎನ್‌ಸಿಆರ್ ಒಂದು. ಅಂಗಡಿಗಳ ಕ್ಯಾಷ್ ಕೌಂಟರ್ ಯಂತ್ರಗಳನ್ನು ತಯಾರಿಸುತ್ತಿದ್ದ ಕಂಪನಿ ಅದು. ದೊಡ್ಡ ಮಳಿಗೆಗಳು ಆಗಾಗ ಕೌಂಟರುಗಳ ಜಾಗ ಬದಲಿಸುತ್ತವೆ. ಪ್ರತಿ ಸಲವೂ ನೆಲ ಅಗೆದು ತಂತಿ ಎಳೆಯುವ ಖರ್ಚು ಉಳಿಸಬೇಕಿತ್ತು. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ಬಳಿಯ ಅದರ ಎಂಜಿನಿಯರಿಂಗ್ ಕೇಂದ್ರದಲ್ಲಿ ಬ್ರೂಸ್ ಟಕ್ ಮತ್ತು ಸಂಗಡಿಗರು ರೂಪಿಸಿದ ವೇವ್‌ಲ್ಯಾನ್ 1990ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ಬಂತು. ವೇಗ ಸೆಕೆಂಡಿಗೆ 2 ಮೆಗಾಬಿಟ್. ಅಮೆರಿಕದಲ್ಲಿ 915 ಮೆಗಾಹರ್ಟ್ಸ್‌ನಲ್ಲಿ, ಮಿಕ್ಕೆಡೆ 2.4 ಗಿಗಾಹರ್ಟ್ಸ್‌ನಲ್ಲಿ ಅದು ಕೆಲಸ ಮಾಡುತ್ತಿತ್ತು. ಮೊದಲಿನದು ಮೇಜಿನ ಕಂಪ್ಯೂಟರಿಗೆ ಹಾಕುವ ದೊಡ್ಡ ಕಾರ್ಡ್. ಆಮೇಲೆ ಬಂದ ಲ್ಯಾಪ್‌ಟಾಪ್ ಕಾರ್ಡಿನಲ್ಲಿ ರೇಡಿಯೋ ಪೂರ್ತಿ ಹಿಡಿಸದೆ, ಆಂಟೆನಾವನ್ನು ಹೊತ್ತ ಬೇರೊಂದು ಪೆಟ್ಟಿಗೆಯನ್ನು ವೈರಿನಲ್ಲಿ ಜೋಡಿಸಿ ಪರದೆಯ ಹಿಂಬದಿಗೆ ಅಂಟಿಸಬೇಕಾಗಿತ್ತು.

ಎನ್‌ಸಿಆರ್ ಮಾಡಿದ ಇನ್ನೊಂದು ಕೆಲಸ ಕಾರ್ಡಿಗಿಂತಲೂ ದೊಡ್ಡದು. ತನ್ನ ವಿಧಾನವನ್ನು ಗುಟ್ಟಾಗಿಡದೆ, ಎಲ್ಲ ತಯಾರಕರೂ ಒಪ್ಪುವ ಮಾನಕ ಬೇಕೆಂದು ಐಇಇಇ ಸಂಸ್ಥೆಯ ಬಾಗಿಲಿಗೆ ಹೋಯಿತು. ಅದರ ಎಂಜಿನಿಯರ್ ವಿಕ್ ಹೇಯ್ಸ್ 1990ರಿಂದ ಹತ್ತು ವರ್ಷ 802.11 ಸಮಿತಿಯ ಅಧ್ಯಕ್ಷರಾಗಿದ್ದರು. ಬೇರೆ ಬೇರೆ ಕಂಪನಿಗಳ ಹಿತಾಸಕ್ತಿಗಳನ್ನು ಒಂದು ದಡಕ್ಕೆ ತರಲು ಏಳು ವರ್ಷ ಹಿಡಿಯಿತು. 1997ರಲ್ಲಿ ಬಂದ ಮೊದಲ ಮಾನಕ 1 ಮತ್ತು 2 ಮೆಗಾಬಿಟ್ ವೇಗಗಳನ್ನು ನಿಗದಿ ಮಾಡಿತಾದರೂ, ಆವರ್ತನದಿಂದ ಆವರ್ತನಕ್ಕೆ ಜಿಗಿಯುವ ವಿಧಾನ, ನೇರವಾಗಿ ಹರಡುವ ವಿಧಾನ, ಅವಕೆಂಪು ಕಿರಣ ಈ ಮೂರನ್ನೂ ಒಪ್ಪಿಕೊಂಡಿತ್ತು. ಹೀಗಾಗಿ ಮಾನಕಕ್ಕೆ ಬದ್ಧವಾದ ಎರಡು ಕಾರ್ಡುಗಳೂ ಒಂದರೊಡನೊಂದು ಮಾತಾಡದಿರುವುದು ಸಾಧ್ಯವಿತ್ತು. 1999ರ 802.11ಬಿ ನೇರವಾಗಿ ಹರಡುವ ವಿಧಾನವನ್ನೇ ಬೆಳೆಸಿ ವೇಗವನ್ನು 11 ಮೆಗಾಬಿಟ್‌ಗೆ ಏರಿಸಿತು. ಆ ವರ್ಷವೇ ತಯಾರಕರು ಕೂಡಿ ಕಟ್ಟಿದ ಒಕ್ಕೂಟವು, ಒಬ್ಬರ ಕಾರ್ಡು ಇನ್ನೊಬ್ಬರ ಮೂಲ ಕೇಂದ್ರದೊಡನೆ (ಕಾರ್ಡುಗಳನ್ನು ಜಾಲಕ್ಕೆ ಸೇರಿಸುವ, ಇಂದಿನ ಮನೆಯ ರೂಟರಿನಂಥ ಸಾಧನ) ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಿ ವೈ-ಫೈ ಎಂಬ ಮುದ್ರೆ ಕೊಡತೊಡಗಿತು.

1999ರ ಜುಲೈನಲ್ಲಿ ಆಪಲ್ ಕಂಪನಿ ಐಬುಕ್ ಲ್ಯಾಪ್‌ಟಾಪನ್ನು ಬಿಡುಗಡೆ ಮಾಡಿದಾಗ ಅದರ ಜೊತೆ ಬಂದ ಏರ್‌ಪೋರ್ಟ್ ಕಾರ್ಡಿನ ಬೆಲೆ 99 ಡಾಲರ್. ಅದು ವೇವ್‌ಲ್ಯಾನ್‌ನ ವಂಶದ್ದೇ. ಏರ್‌ಪೋರ್ಟ್‌ನ ಮೊದಲ ಮೂಲ ಕೇಂದ್ರದ ಒಳಗೆ ಇದ್ದದ್ದೂ ಲ್ಯಾಪ್‌ಟಾಪಿಗೆ ಹಾಕುವಂಥ ವೇವ್‌ಲ್ಯಾನ್ ಕಾರ್ಡೇ. ಮಳಿಗೆಗಳಿಗೂ ವಿಶ್ವವಿದ್ಯಾಲಯಗಳಿಗೂ ಸೀಮಿತವಾಗಿದ್ದ ಸಾಧನ ಮನೆಗೆ ಬಂದದ್ದು ಈ ಬೆಲೆಯಿಂದ. ವಿಶ್ವವಿದ್ಯಾಲಯಗಳಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್‌ನ ಹೆಸರು ಮೊದಲು ಬರಬೇಕು. ಅಲ್ಲಿ ಅಲೆಕ್ಸ್ ಹಿಲ್ಸ್ ನೇತೃತ್ವದಲ್ಲಿ 1990ರ ದಶಕದ ಮೊದಲರ್ಧದಲ್ಲೇ ವೇವ್‌ಲ್ಯಾನ್ ಬಳಸಿ ಕ್ಯಾಂಪಸ್ ಜಾಲ ಕಟ್ಟಲು ತೊಡಗಿದ್ದರು.

ಕಂಪನಿಗಳ ಕೈ ಬದಲಾದಂತೆ ಕಾರ್ಡಿನ ಹೆಸರೂ ಬದಲಾಯಿತು. ಎನ್‌ಸಿಆರನ್ನು 1991ರಲ್ಲಿ ಎಟಿ&ಟಿ ಕೊಂಡಿತು; 1996ರಲ್ಲಿ ಈ ವಿಭಾಗ ಲೂಸೆಂಟ್‌ಗೆ ಹೋಯಿತು; ಅಲ್ಲಿಂದ ಅಗೇರ್‌ಗೆ, 2002ರಲ್ಲಿ ಪ್ರಾಕ್ಸಿಮ್‌ಗೆ. ಇದೇ ಕಾರ್ಡು ಡೆಲ್ ಟ್ರೂಮೊಬೈಲ್ 1150, ಕಾಂಪ್ಯಾಕ್ ಡಬ್ಲ್ಯುಎಲ್110 ಎಂಬ ಹೆಸರುಗಳಲ್ಲೂ ಮಾರಾಟವಾಯಿತು. ಡ್ರೈವರ್ ಹುಡುಕುವವರಿಗೆ ಈ ವಂಶಾವಳಿ ತಿಳಿದಿರುವುದು ಬಹಳ ಉಪಯೋಗಕ್ಕೆ ಬರುತ್ತದೆ. ಮೇಲಿನ ಚೀಟಿ ಏನೇ ಹೇಳಲಿ, ಒಳಗಿನ ಹರ್ಮಿಸ್ ಚಿಪ್ಪು ಒಂದೇ. ಚಿಪ್ಪಿಗೆ ತಕ್ಕ ಡ್ರೈವರ್ ಸಿಕ್ಕರೆ ಬ್ರ್ಯಾಂಡಿನ ಪ್ರಶ್ನೆ ಏಳುವುದಿಲ್ಲ. ಈ ನಿಯಮ ಇವತ್ತಿನ ಕಾರ್ಡುಗಳಿಗೂ ಅಷ್ಟೇ ಸಲ್ಲುತ್ತದೆ.

ಕಾರ್ಡು ಮತ್ತು ಸ್ಲಾಟು

ಪಕ್ಕದ ಈ ಸ್ಲಾಟನ್ನು ರೂಪಿಸಿದ ಪಿಸಿಎಂಸಿಐಎ ಸಂಘ 1989ರಲ್ಲಿ ಹುಟ್ಟಿದ್ದು ಲ್ಯಾಪ್‌ಟಾಪುಗಳಿಗೆ ಮೆಮೊರಿ ಕಾರ್ಡಿನ ಮಾನಕ ಮಾಡಲು. 1991ರ ಎರಡನೆಯ ಆವೃತ್ತಿ ಮೋಡೆಮ್, ಜಾಲ ಕಾರ್ಡುಗಳಂಥ ಸಾಧನಗಳಿಗೂ ಸ್ಲಾಟನ್ನು ತೆರೆಯಿತು. ಕಾರ್ಡಿನ ಉದ್ದ 85.6 ಮಿಲಿಮೀಟರ್, ಅಗಲ 54 ಮಿಲಿಮೀಟರ್, ಅಂದರೆ ಎಟಿಎಂ ಕಾರ್ಡಿನಷ್ಟೇ. ದಪ್ಪದಲ್ಲಿ ಮೂರು ಬಗೆ: 3.3, 5 ಮತ್ತು 10.5 ಮಿಲಿಮೀಟರ್. ನಿಸ್ತಂತು ಕಾರ್ಡುಗಳು ಸಾಮಾನ್ಯವಾಗಿ ಎರಡನೆಯ ಬಗೆಯವು. ತುದಿಯಲ್ಲಿ 68 ಸೂಜಿಗಳಿಗೆ ಹೊಂದುವ ರಂಧ್ರಗಳು. ಇನ್ನೊಂದು ತುದಿಯಲ್ಲಿ ಆಂಟೆನಾ ಅಡಗಿರುವ ಪ್ಲಾಸ್ಟಿಕ್ ಉಬ್ಬು ಸ್ಲಾಟಿನಿಂದ ಹೊರಗೆ ಚಾಚಿರುತ್ತದೆ. ಒಂದರ ಮೇಲೊಂದು ಎರಡು ಸ್ಲಾಟುಗಳಿರುವ ಲ್ಯಾಪ್‌ಟಾಪಿನಲ್ಲಿ ಮೇಲಿನದಕ್ಕೇ ಹಾಕುವುದು ಲೇಸು. ಕೆಳಗಿನದಕ್ಕೆ ಹಾಕಿದರೆ ಉಬ್ಬು ಮೇಲಿನ ಸ್ಲಾಟಿಗೆ ಅಡ್ಡ ಬರುತ್ತದೆ.

ಕೊಳ್ಳುವ ಮುಂಚೆ ನೋಡಬೇಕಾದ ಸಂಗತಿ ಸ್ಲಾಟಿನ ತಲೆಮಾರು. ಪಿಸಿ ಕಾರ್ಡ್ ಎಂದು ಕರೆಯುವ ಈ ಕಾರ್ಡಿನ ಹಳೆಯ ತಲೆಮಾರಿನಲ್ಲಿ ಮಾಹಿತಿ ಸಾಗುವ ದಾರಿ 16 ಬಿಟ್‌ನದು. 1995ರಲ್ಲಿ ಬಂದ ಕಾರ್ಡ್‌ಬಸ್‌ನದು 32 ಬಿಟ್, 3.3 ವೋಲ್ಟ್. ಕಾರ್ಡ್‌ಬಸ್ ಸ್ಲಾಟಿನಲ್ಲಿ ಹಳೆಯ ಕಾರ್ಡ್ ನಡೆಯುತ್ತದೆ. ಹಳೆಯ ಸ್ಲಾಟಿನಲ್ಲಿ ಕಾರ್ಡ್‌ಬಸ್ ಕಾರ್ಡ್ ಒಳಗೇ ಹೋಗದಂತೆ ಅಂಚಿನ ಆಕಾರ ಬೇರೆ ಮಾಡಿದ್ದಾರೆ. ತುದಿಯಲ್ಲಿ ಸಣ್ಣ ಉಬ್ಬುಗಳಿರುವ ಚಿನ್ನದ ಬಣ್ಣದ ಪಟ್ಟಿ ಕಂಡರೆ ಅದು ಕಾರ್ಡ್‌ಬಸ್. ಒರಿನೊಕೊದ 11 ಮೆಗಾಬಿಟ್ ಕಾರ್ಡು 16 ಬಿಟ್‌ನದಾದ್ದರಿಂದ ಎರಡೂ ಬಗೆಯ ಸ್ಲಾಟಿನಲ್ಲಿ ಕೆಲಸ ಮಾಡುತ್ತಿತ್ತು. 54 ಮೆಗಾಬಿಟ್‌ನ ಕಾರ್ಡುಗಳಿಗೆ 16 ಬಿಟ್ ದಾರಿ ಸಾಲದು. ಅವು ಸಾಮಾನ್ಯವಾಗಿ ಕಾರ್ಡ್‌ಬಸ್‌ನವೇ. ಬಲವಂತದಿಂದ ಒತ್ತಿದವರ ಯಂತ್ರಗಳಲ್ಲಿ ಸೂಜಿಗಳು ಬಾಗಿ, ಸ್ಲಾಟೇ ಹಾಳಾಗುವುದುಂಟು. ಕಾರ್ಡ್ ನೇರವಾಗಿ ಜಾರಬೇಕು. ಕೊನೆಯ ಅರ್ಧ ಸೆಂಟಿಮೀಟರಿನಲ್ಲಿ ಮಾತ್ರ ತುಸು ಒತ್ತಡ ಬೇಕು.

ಕಾರ್ಡ್ ಒಳಗೆ ಹೋದ ಕೂಡಲೇ ಸ್ಲಾಟಿನ ನಿಯಂತ್ರಕವು ಅದರ ಸ್ಮೃತಿಯಲ್ಲಿರುವ ಪರಿಚಯ ಪಟ್ಟಿಯನ್ನು ಓದುತ್ತದೆ: ತಯಾರಕ ಯಾರು, ಯಾವ ಬಗೆಯ ಸಾಧನ, ಎಷ್ಟು ವೋಲ್ಟ್ ಬೇಕು, ಯಾವ ಸಂಪನ್ಮೂಲ ಬೇಕು. ಈ ಪಟ್ಟಿ ಓದಲಾದರೆ ಮೊದಲ ಹಂತ ದಾಟಿದಂತೆ. ಡೇವಿಡ್ ಹೈಂಡ್ಸ್ ಲಿನಕ್ಸ್‌ಗೆ ಬರೆದ ತಂತ್ರಾಂಶದಲ್ಲಿ ಇದನ್ನು ಕಿವಿಯಿಂದಲೇ ತಿಳಿಯಬಹುದಿತ್ತು. ಕಾರ್ಡಿನ ಗುರುತು ಸಿಕ್ಕಾಗ ಒಂದು ಎತ್ತರದ ಬೀಪ್, ಡ್ರೈವರ್ ಕೂತು ಎಲ್ಲ ಸರಿಯಾದಾಗ ಇನ್ನೊಂದು ಎತ್ತರದ ಬೀಪ್. ಎರಡನೆಯದು ತಗ್ಗಿದ ದನಿಯಲ್ಲಿ ಬಂದರೆ, ಕಾರ್ಡ್ ಗೊತ್ತಾಯಿತು ಆದರೆ ಹೊಂದಿಕೆ ಆಗಲಿಲ್ಲ ಎಂದರ್ಥ. ಪರದೆ ನೋಡದೆಯೇ ದೋಷ ಯಾವ ಹಂತದಲ್ಲಿದೆ ಎಂದು ತಿಳಿಸುವ ಇಷ್ಟು ಸರಳ ಏರ್ಪಾಡು ಆಮೇಲಿನ ವ್ಯವಸ್ಥೆಗಳಲ್ಲಿ ಉಳಿಯದೇ ಹೋದದ್ದು ನಷ್ಟವೇ.

ಡ್ರೈವರ್

ವಿಂಡೋಸ್ 98ರಲ್ಲಿ ಕಾರ್ಡ್ ಹಾಕಿದಾಗ ಹೊಸ ಹಾರ್ಡ್‌ವೇರ್ ಸಿಕ್ಕಿದೆ ಎಂಬ ಕಿಟಕಿ ತೆರೆದುಕೊಂಡು ಡ್ರೈವರ್ ಎಲ್ಲಿದೆ ಎಂದು ಕೇಳುತ್ತಿತ್ತು. ಕಾರ್ಡಿನ ಸಿಡಿ ಒಂದೇ ಸಾಲದು; ಜಾಲದ ಕಡತಗಳಿಗಾಗಿ ವಿಂಡೋಸ್ ಸಿಡಿಯನ್ನೂ ಹಾಕಬೇಕಾಗುತ್ತಿತ್ತು. ಆಮೇಲೆ ಯಂತ್ರವನ್ನು ಮತ್ತೆ ಶುರು ಮಾಡಬೇಕು. ಧ್ವನಿ ಕಾರ್ಡು, ಪ್ರಿಂಟರ್ ಪೋರ್ಟುಗಳು ಪ್ರೊಸೆಸರಿನ ಗಮನ ಸೆಳೆಯಲು ಹಿಡಿದುಕೊಂಡ ಇಂಟರಪ್ಟ್ ಸಂಖ್ಯೆಯೇ ನಿಸ್ತಂತು ಕಾರ್ಡಿಗೂ ಬಂದರೆ ಎರಡರಲ್ಲೊಂದು ಮೂಕವಾಗುತ್ತಿತ್ತು. ಸಾಧನಗಳ ಪಟ್ಟಿಯಲ್ಲಿ ಹಳದಿ ಗುರುತು ಕಂಡಾಗ ಆ ಸಂಖ್ಯೆಯನ್ನು ಬದಲಿಸುವುದೇ ಮದ್ದು. ಕಾರ್ಡನ್ನು ಕೀಳುವಾಗಲೂ ಮೊದಲು ಪರದೆಯ ಮೂಲೆಯ ಚಿತ್ರ ಒತ್ತಿ ಸಾಧನವನ್ನು ನಿಲ್ಲಿಸಬೇಕು. ಹಾಗೆ ಮಾಡದೆ ಎಳೆದರೆ ಯಂತ್ರ ಸ್ತಬ್ಧವಾಗುವ ಸಂಭವವಿತ್ತು.

2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ನಿಸ್ತಂತು ಜಾಲಗಳನ್ನು ಹುಡುಕಿ ಪಟ್ಟಿ ಮಾಡುವ ಕೆಲಸವನ್ನು ಆಪರೇಟಿಂಗ್ ಸಿಸ್ಟಮ್ ತಾನೇ ವಹಿಸಿಕೊಂಡಿತು. ಇದರಿಂದ ಒಂದು ಹೊಸ ತೊಡಕೂ ಹುಟ್ಟಿತು. ಕಾರ್ಡಿನ ತಯಾರಕರು ಕೊಟ್ಟ ತಂತ್ರಾಂಶ, ವಿಂಡೋಸ್‌ನ ಸ್ವಂತ ತಂತ್ರಾಂಶ, ಎರಡೂ ಏಕಕಾಲಕ್ಕೆ ಅದೇ ಕಾರ್ಡಿಗೆ ಆಜ್ಞೆ ಕೊಡಲು ಹೊರಟು, ಸಂಪರ್ಕ ಬಂದು ಬಂದು ಹೋಗುತ್ತಿತ್ತು. ಯಾವುದಾದರೂ ಒಂದನ್ನು ಆರಿಸಿಕೊಂಡು ಇನ್ನೊಂದನ್ನು ನಿಲ್ಲಿಸಿದರೆ ಸರಿಹೋಗುತ್ತಿತ್ತು.

ಲಿನಕ್ಸ್‌ನಲ್ಲಿ ಎಚ್‌ಪಿ ಕಂಪನಿಯ ಜಾನ್ ತುರೀಲ್ ರೂಪಿಸಿದ ನಿಸ್ತಂತು ವಿಸ್ತರಣೆಗಳು ಇಡೀ ಕೆಲಸಕ್ಕೆ ಒಂದು ಸಾಮಾನ್ಯ ಭಾಷೆಯನ್ನು ಕೊಟ್ಟವು. ಯಾವ ಕಂಪನಿಯ ಕಾರ್ಡಾದರೂ ಐಡಬ್ಲ್ಯುಕಾನ್ಫಿಗ್ ಎಂಬ ಒಂದೇ ಆಜ್ಞೆಯಿಂದ ಜಾಲದ ಹೆಸರು, ಚಾನೆಲ್, ವೇಗ, ಕೀಲಿಗಳನ್ನು ಹೊಂದಿಸಲು ಸಾಧ್ಯವಾಯಿತು. ವೇವ್‌ಲ್ಯಾನ್‌ನ ಮಟ್ಟಿಗೆ ಎಚ್ಚರ ಬೇಕಿದ್ದದ್ದು ಡ್ರೈವರ್‌ನ ಆಯ್ಕೆಯಲ್ಲಿ. 802.11ಕ್ಕಿಂತ ಹಿಂದಿನ ಕಾರ್ಡಿಗೆ ಒಂದು ಡ್ರೈವರ್, ಮಾನಕ ಬಂದ ಮೇಲಿನ ಕಾರ್ಡಿಗೆ ಮತ್ತೊಂದು. ಎರಡರ ಹೆಸರಿನಲ್ಲೂ ವೇವ್‌ಲ್ಯಾನ್ ಎಂದೇ ಇದ್ದರೂ ಒಳಗಿನ ರೇಡಿಯೋ ಬೇರೆ. ಆ ಎರಡು ತಲೆಮಾರಿನ ಕಾರ್ಡುಗಳು ಪರಸ್ಪರ ಮಾತಾಡಲಾರವು. ಹಳೆಯದರಲ್ಲಿ ಜಾಲಕ್ಕೆ ಹೆಸರಿನ ಬದಲು ನಾಲ್ಕು ಅಂಕಿಯ ಸಂಖ್ಯೆ ಇರುತ್ತಿತ್ತು.

ಚಾನೆಲ್, ದೂರ, ಕಾನೂನು

2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಮೊದಲ ಚಾನೆಲ್‌ನ ನಡುಬಿಂದು 2412 ಮೆಗಾಹರ್ಟ್ಸ್. ಅಲ್ಲಿಂದ 5 ಮೆಗಾಹರ್ಟ್ಸ್‌ಗೊಂದರಂತೆ 13ನೆಯ ಚಾನೆಲ್ 2472ರಲ್ಲಿ ಬರುತ್ತದೆ. ಆದರೆ 802.11ಬಿ ಸಿಗ್ನಲ್ ಹರಡಿಕೊಳ್ಳುವ ಅಗಲ ಸುಮಾರು 22 ಮೆಗಾಹರ್ಟ್ಸ್. ಆದ್ದರಿಂದ ಪಕ್ಕಪಕ್ಕದ ಚಾನೆಲ್‌ಗಳು ಒಂದನ್ನೊಂದು ತುಳಿಯುತ್ತವೆ. 1, 6, 11 ಎಂಬ ಮೂರು ಮಾತ್ರ ತಮ್ಮ ಪಾಡಿಗೆ ತಾವಿರುತ್ತವೆ. ಪಕ್ಕದ ಮನೆಯವರು 6ರಲ್ಲಿದ್ದಾರೆಂದು 7ಕ್ಕೋ 8ಕ್ಕೋ ಹೋಗುವುದರಿಂದ ಪ್ರಯೋಜನವಿಲ್ಲ, ಹಾನಿಯೇ ಹೆಚ್ಚು. ಒಂದೇ ಚಾನೆಲ್‌ನಲ್ಲಿರುವ ಕಾರ್ಡುಗಳು ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಕಾಯುವ ನಿಯಮ ಪಾಲಿಸುತ್ತವೆ. ಅರೆಬರೆ ಮೇಲೆ ಬೀಳುವ ಚಾನೆಲ್‌ನಿಂದ ಬಂದದ್ದು ಕಾರ್ಡಿಗೆ ಬರೀ ಗದ್ದಲ. ಅಲ್ಲಿ ಕಾಯುವ ನಿಯಮ ನೆಲೆ ಕಳೆದುಕೊಳ್ಳುತ್ತದೆ.

ಚಾನೆಲನ್ನು ಆರಿಸುವುದು ಕಾರ್ಡಲ್ಲ, ಮೂಲ ಕೇಂದ್ರ. ಲ್ಯಾಪ್‌ಟಾಪಿನಲ್ಲಿ ಚಾನೆಲ್ ತುಂಬಬೇಕಾಗಿ ಬರುವುದು ಎರಡು ಲ್ಯಾಪ್‌ಟಾಪುಗಳು ನೇರವಾಗಿ ಮಾತಾಡುವ ವ್ಯವಸ್ಥೆಯಲ್ಲಿ ಮಾತ್ರ. ಮೂಲ ಕೇಂದ್ರವಿದ್ದಾಗ ಕಾರ್ಡ್ ಎಲ್ಲ ಚಾನೆಲ್‌ಗಳನ್ನೂ ಸುತ್ತಿ, ತನಗೆ ಹೇಳಿದ ಹೆಸರಿನ ಜಾಲ ಎಲ್ಲಿದೆಯೋ ಅಲ್ಲಿ ನಿಲ್ಲುತ್ತದೆ. ಆದರೆ ಎಲ್ಲ ಚಾನೆಲ್ ಎಂದರೆ ಎಲ್ಲವೂ ಅಲ್ಲ. ಯಾವ ದೇಶಕ್ಕಾಗಿ ತಯಾರಾಯಿತೋ ಆ ದೇಶದ ಕಾನೂನು ಒಪ್ಪುವ ಚಾನೆಲ್‌ಗಳ ಪಟ್ಟಿ ಕಾರ್ಡಿನ ಸ್ಮೃತಿಯಲ್ಲೇ ಇರುತ್ತದೆ. ಅಮೆರಿಕದ ಕಾರ್ಡು 11ಕ್ಕೆ ನಿಲ್ಲುತ್ತದೆ. ಯುರೋಪಿನ ಬಹುಭಾಗದಲ್ಲೂ ಭಾರತದಲ್ಲೂ 13ರವರೆಗೆ ಇದೆ. ಅಮೆರಿಕದಲ್ಲಿರುವ ಮಗಳೋ ಮಗನೋ ತಂದುಕೊಟ್ಟ ಲ್ಯಾಪ್‌ಟಾಪಿನಲ್ಲಿ ಮನೆಯ ವೈ-ಫೈ ಹೆಸರೇ ಕಾಣುವುದಿಲ್ಲ, ಫೋನಿನಲ್ಲಿ ಮಾತ್ರ ಚೆನ್ನಾಗಿ ಬರುತ್ತದೆ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ. ರೂಟರ್ ತಾನಾಗಿ 12ನೆಯ ಅಥವಾ 13ನೆಯ ಚಾನೆಲ್‌ಗೆ ಹೋಗಿ ಕೂತಿರುತ್ತದೆ. ರೂಟರನ್ನು 1, 6, 11ರಲ್ಲೊಂದಕ್ಕೆ ಕಟ್ಟಿಹಾಕಿದರೆ ತೊಂದರೆ ಮುಗಿಯುತ್ತದೆ.

ಭಾರತದಲ್ಲಿ 1933ರ ನಿಸ್ತಂತು ತಂತಿ ಕಾಯ್ದೆಯ ಪ್ರಕಾರ ರೇಡಿಯೋ ಉಪಕರಣವನ್ನು ಇಟ್ಟುಕೊಳ್ಳುವುದಕ್ಕೂ ಲೈಸೆನ್ಸ್ ಬೇಕಿತ್ತು. 2.4ರಿಂದ 2.4835 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟ ನಿಯಮಗಳು ಬಂದದ್ದು 2005ರ ಜನವರಿಯಲ್ಲಿ. ಪ್ರೇಷಕದ ಶಕ್ತಿಗೆ 1 ವಾಟ್, ಆಂಟೆನಾದಿಂದ ಹೊಮ್ಮುವ ಶಕ್ತಿಗೆ 4 ವಾಟ್ ಎಂದು ಮಿತಿ ಹಾಕಲಾಯಿತು. ಸುಮಾರು 30 ಮಿಲಿವಾಟ್‌ನ ಲ್ಯಾಪ್‌ಟಾಪ್ ಕಾರ್ಡ್ ಈ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. 5 ಗಿಗಾಹರ್ಟ್ಸ್‌ನ ವಿಶಾಲ ಪಟ್ಟಿಗಳು ಮುಕ್ತವಾಗಲು 2018ರವರೆಗೆ ಕಾಯಬೇಕಾಯಿತು. ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ 2014ರ ಜನವರಿಯಲ್ಲಿ ಶುರುವಾದ ‘ನಮ್ಮ ವೈ-ಫೈ’ಯಂಥ ಸಾರ್ವಜನಿಕ ಜಾಲಗಳಿಗೆ ದಾರಿ ಮಾಡಿಕೊಟ್ಟದ್ದು 2005ರ ಆ ವಿನಾಯಿತಿಯೇ.

ಎಷ್ಟು ದೂರ ಮುಟ್ಟುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಒರಿನೊಕೊ ತಯಾರಕರು ಕೊಟ್ಟ ಅಂದಾಜಿನಂತೆ ತೆರೆದ ಜಾಗದಲ್ಲಿ 11 ಮೆಗಾಬಿಟ್ ವೇಗ 160 ಮೀಟರಿನವರೆಗೆ, 1 ಮೆಗಾಬಿಟ್ ವೇಗ 550 ಮೀಟರಿನವರೆಗೆ. ಗೋಡೆಗಳಿಂದ ಮುಚ್ಚಿದ ಕಚೇರಿಯಲ್ಲಿ ಅದೇ ಕಾರ್ಡಿಗೆ 25 ಮತ್ತು 50 ಮೀಟರ್ ಮಾತ್ರ. ದೂರ ಹೆಚ್ಚಿದಂತೆ ಕಾರ್ಡ್ ವೇಗವನ್ನು 11ರಿಂದ 5.5ಕ್ಕೆ, 2ಕ್ಕೆ, 1ಕ್ಕೆ ಇಳಿಸಿಕೊಳ್ಳುತ್ತ ಸಂಪರ್ಕ ಉಳಿಸಿಕೊಳ್ಳುತ್ತದೆ. ಕಾಂಕ್ರೀಟಿನೊಳಗಿನ ಕಬ್ಬಿಣ, ಬೀರು, ನೀರಿನ ಟ್ಯಾಂಕು, ಮನುಷ್ಯರ ಮೈ, ಎಲ್ಲವೂ ತರಂಗವನ್ನು ತಡೆಯುತ್ತವೆ. ಸಿಗ್ನಲ್ ಕಡಿಮೆಯಿದ್ದಾಗ ಶಕ್ತಿ ಹೆಚ್ಚಿಸುವ ಉಪಾಯಕ್ಕಿಂತ ಲ್ಯಾಪ್‌ಟಾಪನ್ನು ಒಂದಡಿ ಆಚೀಚೆ ಸರಿಸುವುದು ಹೆಚ್ಚು ಫಲ ಕೊಡುತ್ತದೆ. ಗೋಡೆಗಳಿಗೆ ತಾಗಿ ಹಲವು ದಾರಿಯಲ್ಲಿ ಬಂದ ತರಂಗಗಳು ಕೆಲವು ಬಿಂದುಗಳಲ್ಲಿ ಒಂದನ್ನೊಂದು ಅಳಿಸಿಬಿಡುತ್ತವೆ. ಆ ಬಿಂದುವಿನಿಂದ ತುಸು ಜರುಗಿದರೆ ಸಾಕು. ನೋಡಬೇಕಾದದ್ದೂ ಬರೀ ಸಿಗ್ನಲ್ ಅಲ್ಲ, ಸಿಗ್ನಲ್ ಮತ್ತು ಗದ್ದಲದ ನಡುವಿನ ಅಂತರ. ಒರಿನೊಕೊದ ತಂತ್ರಾಂಶ ಈ ಎರಡನ್ನೂ ಬೇರೆ ಬೇರೆಯಾಗಿ ತೋರಿಸುತ್ತಿತ್ತು. ಇಂದಿನ ಪರದೆಯ ಮೂಲೆಯ ನಾಲ್ಕು ಗೆರೆಗಳು ಆ ಮಾಹಿತಿಯನ್ನು ನುಂಗಿಹಾಕಿವೆ.

ಹೆಸರು, ಕೀಲಿ, ವಿಳಾಸ

ಜಾಲದ ಹೆಸರು 32 ಅಕ್ಷರಗಳವರೆಗೆ ಇರಬಹುದು, ಇಂಗ್ಲಿಷಿನ ದೊಡ್ಡ ಅಕ್ಷರ ಚಿಕ್ಕ ಅಕ್ಷರಗಳ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ. ಹೆಸರಿಗಿಂತ ಹೆಚ್ಚು ಜನರನ್ನು ಕಾಡಿದ್ದು ಕೀಲಿ. ಮೊದಲ ಮಾನಕದ ಜೊತೆ ಬಂದ ವೆಪ್ ಎಂಬ ಗೂಢಲಿಪಿ ವ್ಯವಸ್ಥೆಯಲ್ಲಿ ಬಳಕೆದಾರ ತುಂಬುವ ಕೀಲಿ 40 ಬಿಟ್‌ನದು, ಅಂದರೆ 5 ಅಕ್ಷರ ಅಥವಾ ಹದಿನಾರರ ಪದ್ಧತಿಯ 10 ಅಂಕಿ. ಆಮೇಲೆ 104 ಬಿಟ್‌ನದು ಬಂತು: 13 ಅಕ್ಷರ ಅಥವಾ 26 ಅಂಕಿ. ಪ್ರತಿ ಮಾಹಿತಿ ಪೊಟ್ಟಣಕ್ಕೆ ಯಂತ್ರವೇ ಸೇರಿಸುವ 24 ಬಿಟ್‌ಗಳನ್ನು ಕೂಡಿಸಿ ಕಂಪನಿಗಳು ಇವನ್ನು 64 ಬಿಟ್, 128 ಬಿಟ್ ಎಂದು ಮಾರಿದವು. ಒರಿನೊಕೊದಲ್ಲಿ ಬೆಳ್ಳಿ ಕಾರ್ಡಿಗೆ 64, ಚಿನ್ನದ ಕಾರ್ಡಿಗೆ 128. ಬೆಳ್ಳಿ ಕಾರ್ಡು ತಂದು 13 ಅಕ್ಷರದ ಕೀಲಿಯಿರುವ ಜಾಲಕ್ಕೆ ಸೇರಲು ಯತ್ನಿಸಿದರೆ ಸೇರುವುದು ಅಸಾಧ್ಯ.

ಬೇರೆ ಬೇರೆ ಕಂಪನಿಗಳ ಸಾಧನಗಳು ಕೂಡಿದಾಗ ಗೊಂದಲ ಇನ್ನೂ ಹೆಚ್ಚು. ಆಪಲ್‌ನ ಮೂಲ ಕೇಂದ್ರದಲ್ಲಿ ತುಂಬಿದ ಪಾಸ್‌ವರ್ಡ್ ನೇರವಾಗಿ ಕೀಲಿಯಾಗುತ್ತಿರಲಿಲ್ಲ. ಅದರಿಂದ ಲೆಕ್ಕ ಹಾಕಿ ತೆಗೆದ ಅಂಕಿಗಳೇ ಕೀಲಿ. ವಿಂಡೋಸ್ ಲ್ಯಾಪ್‌ಟಾಪಿಗೆ ಆ ಅಂಕಿಗಳನ್ನು ಬೇರೆಯಾಗಿ ಕೇಳಿ ಪಡೆದು ತುಂಬಬೇಕಿತ್ತು. ಲಿನಕ್ಸ್ ಆಜ್ಞೆಯಲ್ಲಿ ಕೀಲಿ ಅಕ್ಷರದ್ದೋ ಅಂಕಿಯದ್ದೋ ಎಂದು ಮೊದಲೇ ಗುರುತು ಹಾಕಬೇಕು. ನಾಲ್ಕು ಕೀಲಿಗಳನ್ನು ಇಟ್ಟುಕೊಳ್ಳುವ ಏರ್ಪಾಡಿನಲ್ಲಿ ಕೆಲವು ತಂತ್ರಾಂಶಗಳು 1ರಿಂದ 4 ಎಂದು, ಕೆಲವು 0ಯಿಂದ 3 ಎಂದು ಎಣಿಸುತ್ತಿದ್ದವು. ಕೀಲಿ ಸರಿಯಿದ್ದು ಅದರ ಸ್ಥಾನ ತಪ್ಪಿದ್ದರೂ ಜಾಲ ನಡೆಯದು.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸಿದ್ದು ವೆಪ್‌ನ ಒಂದು ಗುಣ. ಮುಕ್ತ ಪರಿಚಯದ ವಿಧಾನದಲ್ಲಿ ಕೀಲಿ ತಪ್ಪಾಗಿದ್ದರೂ ಮೂಲ ಕೇಂದ್ರ ಕಾರ್ಡನ್ನು ಸೇರಿಸಿಕೊಳ್ಳುತ್ತದೆ. ಪರದೆಯಲ್ಲಿ ಪೂರ್ಣ ಸಿಗ್ನಲ್, ಜಾಲಕ್ಕೆ ಸೇರಿದೆ ಎಂಬ ಮಾತು, ಕಾರ್ಡಿನ ದೀಪದ ಮಿನುಗು, ಎಲ್ಲವೂ ಸರಿ. ಆದರೆ ಕಳಿಸಿದ ಪೊಟ್ಟಣಗಳನ್ನು ಆಚೆಯವರು ಬಿಡಿಸಲಾರರು, ಬಂದವನ್ನು ಈಚೆಯವರು ಬಿಡಿಸಲಾರರು. ವಿಳಾಸ ಕೊಡಿ ಎಂಬ ಲ್ಯಾಪ್‌ಟಾಪಿನ ಕೋರಿಕೆ ಯಾರನ್ನೂ ಮುಟ್ಟುವುದಿಲ್ಲ. ಕಾದು ಸೋತ ವಿಂಡೋಸ್ ತನಗೆ ತಾನೇ 169.254ರಿಂದ ಆರಂಭವಾಗುವ ಒಂದು ವಿಳಾಸ ಕೊಟ್ಟುಕೊಳ್ಳುತ್ತದೆ. ಸಿಗ್ನಲ್ ತುಂಬಾ ಇದ್ದು ವಿಳಾಸ 169.254 ಎಂದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕೀಲಿಯನ್ನು ಎಂಬುದು ಆ ಕಾಲದ ತಂತ್ರಜ್ಞರೆಲ್ಲ ಅನುಭವದಿಂದ ಕಲಿತ ಪಾಠ. ಆಮೇಲೆ ಬಂದ ಡಬ್ಲ್ಯುಪಿಎ ವ್ಯವಸ್ಥೆಯಲ್ಲಿ ಎರಡೂ ಕಡೆಯವರು ಕೀಲಿ ಗೊತ್ತಿದೆಯೆಂದು ನಾಲ್ಕು ಸಂದೇಶಗಳಲ್ಲಿ ಪರಸ್ಪರ ಸಾಬೀತು ಮಾಡಿದ ಮೇಲೇ ಸಂಪರ್ಕ ಪೂರ್ಣವಾಗುತ್ತದೆ. ಕೀಲಿ ತಪ್ಪಿದ್ದರೆ ಬಾಗಿಲಲ್ಲೇ ತಿಳಿಯುತ್ತದೆ.

ವೆಪ್ ಬಿದ್ದುಹೋದದ್ದಕ್ಕೆ ಕಾರಣ ಆ 24 ಬಿಟ್‌ಗಳೇ. ಅವು ಕೊಡುವ ಸಂಖ್ಯೆಗಳು ಸುಮಾರು 1.67 ಕೋಟಿ. ಬಿಡುವಿಲ್ಲದ ಜಾಲದಲ್ಲಿ ಗಂಟೆಗಳೊಳಗೆ ಅವು ಮುಗಿದು ಮರುಕಳಿಸುತ್ತವೆ. 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು ವಿದ್ವಾಂಸರು, ಈ ಸಂಖ್ಯೆಗಳಲ್ಲಿ ಕೆಲವು ಕೀಲಿಯ ಗುಟ್ಟನ್ನೇ ಬಿಟ್ಟುಕೊಡುತ್ತವೆ ಎಂದು ತೋರಿಸಿದರು. ಅದೇ ವರ್ಷ, ಗಾಳಿಯಲ್ಲಿ ಹಾರುವ ಪೊಟ್ಟಣಗಳನ್ನು ಸುಮ್ಮನೆ ಆಲಿಸಿ ಕೀಲಿ ಹೇಳುವ ತಂತ್ರಾಂಶಗಳು ಎಲ್ಲರ ಕೈಗೆ ಬಂದವು. 2007ರ ಹೊತ್ತಿಗೆ ಜರ್ಮನಿಯ ಡಾರ್ಮ್‌ಸ್ಟಾಟ್‌ನ ಸಂಶೋಧಕರು 104 ಬಿಟ್‌ನ ಕೀಲಿಯನ್ನು ಒಂದು ನಿಮಿಷದೊಳಗೆ ಮುರಿದು ತೋರಿಸಿದರು. 2003ರಲ್ಲಿ ತಾತ್ಕಾಲಿಕ ಪರಿಹಾರವಾಗಿ ಡಬ್ಲ್ಯುಪಿಎ, 2004ರಲ್ಲಿ ಡಬ್ಲ್ಯುಪಿಎ2, 2018ರಲ್ಲಿ ಡಬ್ಲ್ಯುಪಿಎ3 ಬಂದವು. ಮೊದಲನೆಯದನ್ನು ಹಳೆಯ ಕಾರ್ಡುಗಳ ಚಿಪ್ಪಿನಲ್ಲೇ ಫರ್ಮ್‌ವೇರ್ ಬದಲಿಸಿ ನಡೆಸಬಹುದಾದಂತೆ ರೂಪಿಸಿದ್ದರು. ಎರಡನೆಯದಕ್ಕೆ ಸಾಮಾನ್ಯವಾಗಿ ಹೊಸ ಕಾರ್ಡೇ ಬೇಕು. ಹಳೆಯ ಲ್ಯಾಪ್‌ಟಾಪಿನ 802.11ಬಿ ಕಾರ್ಡು ಇಂದಿನ ಮನೆಯ ರೂಟರ್‌ಗೆ ಸೇರದಿರುವುದಕ್ಕೆ ವೇಗಕ್ಕಿಂತ ಇದೇ ದೊಡ್ಡ ಕಾರಣ. ಅದಕ್ಕಾಗಿ ಇಡೀ ಮನೆಯ ಜಾಲವನ್ನು ವೆಪ್‌ಗೆ ಇಳಿಸುವುದು ಸಲ್ಲದು.

ವಿದ್ಯುತ್ತಿನ ಲೆಕ್ಕವೂ ಇದೆ. ಒರಿನೊಕೊ ಕಾರ್ಡು ತರಂಗ ಕಳಿಸುವಾಗ ಸುಮಾರು 280, ಆಲಿಸುವಾಗ ಸುಮಾರು 180 ಮಿಲಿಆಂಪಿಯರ್ ಎಳೆಯುತ್ತಿತ್ತು. ನಿದ್ರೆಯಲ್ಲಿ ಹತ್ತರ ಆಸುಪಾಸು. ಬರೀ ಆಲಿಸುವುದಕ್ಕೇ ಇಷ್ಟು ಖರ್ಚಿರುವುದರಿಂದ, ಮೂಲ ಕೇಂದ್ರ ಸೆಕೆಂಡಿಗೆ ಸುಮಾರು ಹತ್ತು ಸಲ ಕಳಿಸುವ ಸೂಚನೆಗೆ ಮಾತ್ರ ಎಚ್ಚರವಾಗಿ, ತನಗೇನೂ ಇಲ್ಲದಿದ್ದರೆ ಮತ್ತೆ ನಿದ್ರಿಸುವ ಉಳಿತಾಯ ವಿಧಾನವನ್ನು ಮಾನಕದಲ್ಲೇ ಇಟ್ಟಿದ್ದಾರೆ. ಬ್ಯಾಟರಿಯಲ್ಲಿ ಓಡುವಾಗ ಇದು ಬೇಕು; ಸಂಪರ್ಕ ಆಗಾಗ ತುಂಡಾಗುತ್ತಿದ್ದರೆ ಮೊದಲು ನಿಲ್ಲಿಸಿ ನೋಡಬೇಕಾದದ್ದೂ ಇದನ್ನೇ.

ಯಂತ್ರದ ಒಳಕ್ಕೆ

2003ರ ಮಾರ್ಚ್‌ನಲ್ಲಿ ಇಂಟೆಲ್ ಸೆಂಟ್ರಿನೊ ಎಂಬ ಹೆಸರಿನಲ್ಲಿ ಪ್ರೊಸೆಸರ್, ಚಿಪ್‌ಸೆಟ್, ನಿಸ್ತಂತು ಕಾರ್ಡ್ ಮೂರನ್ನೂ ಒಟ್ಟಿಗೆ ಮಾರತೊಡಗಿದ ಮೇಲೆ ಪಕ್ಕದ ಸ್ಲಾಟಿನ ಕಾರ್ಡಿಗೆ ಕಾಲ ಮುಗಿಯಿತು. ಕಾರ್ಡು ಮಿನಿ ಪಿಸಿಐ ಎಂಬ ಒಳಗಿನ ಸ್ಲಾಟಿಗೆ ಹೋಯಿತು, ಅಲ್ಲಿಂದ ಮಿನಿ ಪಿಸಿಐ ಎಕ್ಸ್‌ಪ್ರೆಸ್‌ಗೆ, ಈಗ ಎಂ.2ಗೆ. ಆಂಟೆನಾ ಪರದೆಯ ಚೌಕಟ್ಟಿನೊಳಗೆ ಸೇರಿತು. ಇದು ನಿಜವಾದ ಸುಧಾರಣೆ. ಮೇಜಿನ ಮಟ್ಟದಲ್ಲಿ ಮಲಗಿದ್ದ ಆಂಟೆನಾ ಎತ್ತರಕ್ಕೇರಿ ನೆಟ್ಟಗೆ ನಿಂತಿತು.

ಹಳೆಯ ಲ್ಯಾಪ್‌ಟಾಪಿನ ಒಳಗಿನ ಕಾರ್ಡನ್ನು ಬದಲಿಸುವುದು ಈಗಲೂ ಕಡಿಮೆ ಖರ್ಚಿನ ಒಳ್ಳೆಯ ಸುಧಾರಣೆ. ಯಂತ್ರ ಆರಿಸಿ, ಬ್ಯಾಟರಿಯ ಸಂಪರ್ಕ ಬಿಡಿಸಿ, ಒಂದು ಸ್ಕ್ರೂ ತೆಗೆದರೆ ಕಾರ್ಡ್ ಓರೆಯಾಗಿ ಮೇಲೇಳುತ್ತದೆ. ಅದಕ್ಕೆ ಸೇರಿದ ಎರಡು ತೆಳು ವೈರುಗಳು ಆಂಟೆನಾದಿಂದ ಬಂದವು; ಯಾವುದು ಮುಖ್ಯ, ಯಾವುದು ಸಹಾಯಕ ಎಂದು ಕಾರ್ಡಿನ ಮೇಲೇ ಗುರುತಿರುತ್ತದೆ. ಇವುಗಳ ಬಟನ್ನಿನಂಥ ಪುಟ್ಟ ಕನೆಕ್ಟರುಗಳನ್ನು ಸುಮಾರು 30 ಸಲ ಹಾಕಿ ತೆಗೆಯಲು ಮಾತ್ರ ವಿನ್ಯಾಸ ಮಾಡಿದ್ದಾರೆ, ಆದ್ದರಿಂದ ನೇರವಾಗಿ ಮೇಲಕ್ಕೆತ್ತಬೇಕು, ವೈರು ಹಿಡಿದು ಎಳೆಯಬಾರದು. ಎಂ.2 ಕಾರ್ಡುಗಳ ಕನೆಕ್ಟರ್ ಇನ್ನೂ ಚಿಕ್ಕದು. ಹಳೆಯ ಲ್ಯಾಪ್‌ಟಾಪಿನ ವೈರು ಅದಕ್ಕೆ ಹೊಂದುವುದಿಲ್ಲ. ಐಬಿಎಂ, ಲೆನೊವೊ ಥಿಂಕ್‌ಪ್ಯಾಡ್‌ಗಳ ಹಲವು ಮಾದರಿಗಳಲ್ಲಿ ಬಯಾಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡು ಕಂಡರೆ 1802 ಎಂಬ ದೋಷ ಸಂಖ್ಯೆ ತೋರಿಸಿ ಮುಂದಕ್ಕೆ ಹೋಗಲು ನಿರಾಕರಿಸುತ್ತಿತ್ತು. ಕಾರ್ಡ್ ಕೊಳ್ಳುವ ಮೊದಲು ಆ ಮಾದರಿಗೆ ಅನುಮತಿಸಿದ ಪಟ್ಟಿ ನೋಡಿಕೊಳ್ಳುವುದು ಇದರಿಂದಲೇ ಅಗತ್ಯ.

ಇಂಟೆಲ್‌ನ ಈಚಿನ ಕಾರ್ಡುಗಳಲ್ಲಿ ಮತ್ತೊಂದು ಬಲೆಯಿದೆ. ಎಎಕ್ಸ್200 ಮತ್ತು ಎಎಕ್ಸ್201 ನೋಡಲು ಅಣ್ಣತಮ್ಮಂದಿರಂತೆ ಒಂದೇ. ಮೊದಲನೆಯದು ಪೂರ್ಣ ರೇಡಿಯೋ, ಯಾವ ಸೂಕ್ತ ಎಂ.2 ಸ್ಲಾಟಿನಲ್ಲಾದರೂ ನಡೆಯುತ್ತದೆ. ಎರಡನೆಯದರಲ್ಲಿ ರೇಡಿಯೋದ ಅರ್ಧ ಕೆಲಸ ಇಂಟೆಲ್ ಚಿಪ್‌ಸೆಟ್‌ನ ಒಳಗಿದೆ, ಆ ಚಿಪ್‌ಸೆಟ್ ಇಲ್ಲದ ಯಂತ್ರದಲ್ಲಿ ಸ್ಲಾಟಿಗೆ ಸರಿಯಾಗಿ ಕೂತರೂ ಕಾರ್ಡಿನ ಗುರುತೇ ಸಿಗದು. ತಾಯಿಹಲಗೆಗೇ ಬೆಸೆದ ಕಾರ್ಡುಗಳಿರುವ ತೆಳು ಲ್ಯಾಪ್‌ಟಾಪುಗಳಲ್ಲಿ ಬದಲಿಸುವ ಮಾತೇ ಇಲ್ಲ. ಅಂಥವುಗಳಿಗೆ ಯುಎಸ್‌ಬಿ ಅಡಾಪ್ಟರ್ ಉಳಿದ ದಾರಿ. ಅಲ್ಲಿಯೂ ಡಬ್ಬಿಯ ಮೇಲಿನ ಬ್ರ್ಯಾಂಡಿಗಿಂತ ಒಳಗಿನ ಚಿಪ್ಪು ಯಾವುದೆಂದು ತಿಳಿದು, ಅದರ ಡ್ರೈವರ್ ತಮ್ಮ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಮೊದಲೇ ಇದೆಯೇ ಎಂದು ನೋಡಿ ಕೊಳ್ಳಬೇಕು. ಇಲ್ಲದಿದ್ದರೆ ಡ್ರೈವರ್ ಇಳಿಸಿಕೊಳ್ಳುವುದಕ್ಕೆ ಬೇಕಾದ ಇಂಟರ್‌ನೆಟ್ಟೇ ಆ ಯಂತ್ರದಲ್ಲಿ ಇರುವುದಿಲ್ಲ. ಆಗ ಫೋನನ್ನು ಯುಎಸ್‌ಬಿ ವೈರಿನಲ್ಲಿ ಜೋಡಿಸಿ ಅದರ ಸಂಪರ್ಕವನ್ನು ಎರವಲು ಪಡೆಯುವುದು ಸುಲಭ.